ಮನೆಯಲ್ಲಿ ಶಿಶುಪಾಲನೆಯೂ ನಗರದ ಅಪ್ಪಣೆಯೂ

ತಾಯಿಯಾದವಳು ದುಡಿಮೆಗಾಗಿ ಮನೆಯಿಂದ ಹೊರಡಬೇಕಾದಾಗ ಕೂಸನ್ನು ಯಾರ ಕೈಗೆ ಒಪ್ಪಿಸಬೇಕೆಂಬ ಪ್ರಶ್ನೆಯು ಎಲ್ಲ ದೇಶಗಳಲ್ಲಿಯೂ ಉಂಟು. ನಮ್ಮ ಊರುಗಳಲ್ಲಿ ಅಜ್ಜಿಯೋ ಅತ್ತಿಗೆಯೋ ನೆರೆಮನೆಯ ಹಿರಿಯಳೋ ಆ ಭಾರವನ್ನು ಹೊರುವುದು ಬಹುಕಾಲದಿಂದ ನಡೆದುಬಂದ ರೂಢಿಯಾಗಿದೆ. ಆಕೆಗೆ ಇಂಥ ಕೆಲಸಕ್ಕೆ ಅಪ್ಪಣೆಯುಂಟೋ ಎಂದು ಯಾರೂ ಕೇಳುವುದಿಲ್ಲ. ಆದರೆ ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗೃಹಿಣಿಯೊಬ್ಬಳು ನೆರೆಹೊರೆಯ ನಾಲ್ಕಾರು ಮಕ್ಕಳನ್ನು ಹಗಲು ಹೊತ್ತಿನಲ್ಲಿ ತನ್ನ ಮನೆಯಲ್ಲಿಟ್ಟುಕೊಂಡು ಹಣಕ್ಕೆ ನೋಡಿಕೊಳ್ಳುತ್ತೇನೆಂದು ಹೊರಟರೆ, ಅವಳ ಮುಂದೆ ಎರಡು ಪ್ರಶ್ನೆಗಳು ಬಂದು ನಿಲ್ಲುತ್ತವೆ. ಮಕ್ಕಳನ್ನು ಕಾಪಾಡಲು ಈಕೆ ತಕ್ಕವಳೇ ಎಂಬುದು ಮೊದಲನೆಯದು. ಈ ಬೀದಿಯ ಈ ಮನೆಯಲ್ಲಿ ಇಂಥ ಕೆಲಸವನ್ನು ನಡೆಯಿಸಬಹುದೇ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯು ಮಗುವಿಗೆ ಸಂಬಂಧಪಟ್ಟದ್ದು. ಎರಡನೆಯದು ನೆಲಕ್ಕೆ ಸಂಬಂಧಪಟ್ಟದ್ದು. ಇವೆರಡೂ ಒಂದೇ ಎಂದು ತಿಳಿದು ತೊಡಕಿಗೆ ಸಿಕ್ಕಿಕೊಂಡವರು ಅನೇಕರು.

ನಮ್ಮಂಥ ಬಾಲಿಕಾ ವಿದ್ಯಾಶಾಲೆಗಳಲ್ಲಿ ಕಲಿತ ಹೆಣ್ಣುಮಕ್ಕಳು ಈಗ ಸಮುದ್ರದಾಚೆಯ ಆ ದೇಶದಲ್ಲಿ ಮನೆ ಹೂಡಿಕೊಂಡಿರುವುದುಂಟು. ಅವರಲ್ಲಿ ಕೆಲವರು ಮಕ್ಕಳನ್ನು ನೋಡಿಕೊಳ್ಳುವವರಿಗಾಗಿ ಹುಡುಕುತ್ತಾರೆ. ಕೆಲವರು ತಾವೇ ಆ ಕೆಲಸವನ್ನು ಕೈಕೊಳ್ಳಲು ಬಯಸುತ್ತಾರೆ. ಅವರಿಗೆ ಪ್ರಯೋಜನವಾಗಲೆಂದೂ, ಮನೆ ಯಾವುದು ವ್ಯಾಪಾರ ಯಾವುದು ಎಂಬುದನ್ನು ಕಾಯಿದೆಯು ಹೇಗೆ ನಿರ್ಣಯಿಸುತ್ತದೆಂಬುದು ಉಳಿದವರಿಗೂ ತಿಳಿದಿರಲೆಂದೂ ಈ ವಿಷಯವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ. ಆ ದೇಶದಲ್ಲಿ ಒಂದೊಂದು ಸಂಸ್ಥಾನಕ್ಕೂ ಬೇರೆ ಬೇರೆ ಕಾಯಿದೆಗಳಿರುವುದರಿಂದ, ಈ ಪ್ರಶ್ನೆಯು ಬಹಳ ಚರ್ಚೆಯಾಗಿ ಒಂದು ನಿಲುಗಡೆಗೆ ಬಂದಿರುವ ಕ್ಯಾಲಿಫೋರ್ನಿಯ ಸಂಸ್ಥಾನವನ್ನೇ ಮುಖ್ಯವಾಗಿ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ.

ಮೊದಲು ನೆಲದ ನಿಯಮವೆಂದರೇನೆಂಬುದನ್ನು ತಿಳಿಯಬೇಕು. ಅಮೇರಿಕದ ಬಹುತೇಕ ನಗರಗಳು ತಮ್ಮ ಎಲ್ಲೆಯೊಳಗಿನ ಭೂಮಿಯನ್ನು ವಲಯಗಳಾಗಿ ವಿಂಗಡಿಸಿರುತ್ತವೆ. ಇದು ವಾಸದ ವಲಯ, ಇದು ಅಂಗಡಿಗಳ ವಲಯ, ಇದು ಕಾರ್ಖಾನೆಗಳ ವಲಯ ಎಂದು ನಕ್ಷೆಯಲ್ಲಿ ಗುರುತು ಹಾಕಿ, ಒಂದೊಂದರಲ್ಲಿ ಯಾವ ಯಾವ ಉಪಯೋಗಗಳು ಸಲ್ಲುವುವು, ಯಾವುವು ಸಲ್ಲವು ಎಂಬ ಪಟ್ಟಿಯನ್ನು ನಗರಸಭೆಯು ಶಾಸನರೂಪವಾಗಿ ಹೊರಡಿಸುತ್ತದೆ. ಇದನ್ನು ಅಲ್ಲಿ ಜೋನಿಂಗ್ ಎಂದು ಕರೆಯುತ್ತಾರೆ. ನಾವು ಇದನ್ನು ವಲಯ ನಿಯಮವೆನ್ನೋಣ. ಮಲಗುವ ಕೋಣೆಯ ಪಕ್ಕದಲ್ಲಿ ಕಮ್ಮಾರನ ಕುಲುಮೆಯೂ, ಶಾಲೆಯ ಬಳಿಯಲ್ಲಿ ಚರ್ಮ ಹದಮಾಡುವ ಕಾರ್ಖಾನೆಯೂ ಬಾರದಂತೆ ತಡೆಯುವುದೇ ಇದರ ಮೂಲೋದ್ದೇಶ. ಉದ್ದೇಶವು ಒಳ್ಳೆಯದೇ. ಆದರೆ ಇದನ್ನು ಬಳಸಿದ ಕೈಗಳೆಲ್ಲ ಒಳ್ಳೆಯವಾಗಿರಲಿಲ್ಲವೆಂದು ಚರಿತ್ರೆಯು ತಿಳಿಸುತ್ತದೆ.

ಕ್ಯಾಲಿಫೋರ್ನಿಯದಲ್ಲಿ ಈ ಬಗೆಯ ನಿಯಮಗಳು ಮೊದಲು ಬಿದ್ದದ್ದು ಬಟ್ಟೆ ಒಗೆಯುವ ಅಂಗಡಿಗಳ ಮೇಲೆ. ೧೮೮೫ರಲ್ಲಿ ಮೊಡೆಸ್ಟೊ ಎಂಬ ಪಟ್ಟಣವು ಇಂಥ ಅಂಗಡಿಗಳನ್ನು ರೈಲು ಹಳಿಯ ಒಂದು ಮಗ್ಗುಲಿನ ಗೊತ್ತಾದ ಭಾಗದಲ್ಲಿ ಮಾತ್ರ ಇಡತಕ್ಕದ್ದೆಂದು ಕಟ್ಟಳೆ ಮಾಡಿತು. ಆ ಕಸುಬನ್ನು ಆಗ ಹೆಚ್ಚಾಗಿ ನಡೆಯಿಸುತ್ತಿದ್ದವರು ಚೀನಾ ದೇಶದಿಂದ ಬಂದವರು. ಸಾನ್ ಫ್ರಾನ್ಸಿಸ್ಕೊ ನಗರವು ೧೮೮೦ರಲ್ಲಿಯೇ, ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿಯನ್ನಿಡಲು ನಗರದ ಮೇಲ್ವಿಚಾರಕ ಮಂಡಳಿಯ ಅಪ್ಪಣೆ ಬೇಕೆಂದು ವಿಧಿಸಿತ್ತು. ಬೆಂಕಿಯ ಭಯವೇ ಕಾರಣವೆಂದು ಹೇಳಲಾಯಿತು. ಆದರೆ ಅರ್ಜಿ ಹಾಕಿದ ಇನ್ನೂರು ಮಂದಿ ಚೀನೀಯರಿಗೆ ಅಪ್ಪಣೆ ದೊರೆಯಲಿಲ್ಲ; ಅಂಥವೇ ಕಟ್ಟಡಗಳಲ್ಲಿ ಅದೇ ಕಸುಬನ್ನು ಮಾಡುತ್ತಿದ್ದ ಇತರರಿಗೆ ಬಹುಮಟ್ಟಿಗೆ ಎಲ್ಲರಿಗೂ ದೊರೆಯಿತು. ಯಿಕ್ ವೋ ಎಂಬ ಅಂಗಡಿಯ ಮೊಕದ್ದಮೆಯು ದೇಶದ ಅತ್ಯುನ್ನತ ನ್ಯಾಯಸ್ಥಾನದವರೆಗೂ ಹೋಗಿ, ೧೮೮೬ರಲ್ಲಿ ತೀರ್ಪಾಯಿತು. ಕಾಯಿದೆಯ ಮಾತುಗಳು ನಿಷ್ಪಕ್ಷಪಾತವಾಗಿದ್ದರೂ ಅದನ್ನು ನಡೆಯಿಸುವಲ್ಲಿ ಪಕ್ಷಪಾತವಿದ್ದರೆ ಅದು ನ್ಯಾಯವಾಗಲಾರದೆಂದು ನ್ಯಾಯಾಧೀಶರು ತೀರ್ಮಾನಿಸಿದರು. ಅಪ್ಪಣೆಯು ಕೊಡುವವನ ಇಚ್ಛೆಗೆ ಬಿಟ್ಟದ್ದಾದರೆ ಬೇಡುವವನ ಗತಿಯೇನೆಂಬುದಕ್ಕೆ ಈ ಮೊಕದ್ದಮೆಯು ಇಂದಿಗೂ ನಿದರ್ಶನವಾಗಿದೆ.

ಇಡೀ ನಗರಕ್ಕೆ ಅನ್ವಯಿಸುವ ವಲಯ ನಿಯಮವನ್ನು ಮೊದಲು ಮಾಡಿದ್ದು ೧೯೧೬ರಲ್ಲಿ ನ್ಯೂಯಾರ್ಕ್ ನಗರ. ೧೯೨೦ರ ದಶಕದಲ್ಲಿ ಹರ್ಬರ್ಟ್ ಹೂವರರು ವಾಣಿಜ್ಯ ಕಾರ್ಯದರ್ಶಿಯಾಗಿದ್ದಾಗ ಅವರ ಇಲಾಖೆಯು ಒಂದು ಮಾದರಿ ಕಾಯಿದೆಯನ್ನು ಅಚ್ಚುಹಾಕಿಸಿ ಎಲ್ಲ ಸಂಸ್ಥಾನಗಳಿಗೂ ಹಂಚಿತು. ೧೯೨೬ರಲ್ಲಿ ಒಹಾಯೊ ಸಂಸ್ಥಾನದ ಯೂಕ್ಲಿಡ್ ಎಂಬ ಸಣ್ಣ ಊರಿಗೂ, ಅಲ್ಲಿ ೬೮ ಎಕರೆ ಭೂಮಿಯನ್ನು ಹೊಂದಿದ್ದ ಒಂದು ಕಂಪೆನಿಗೂ ನಡೆದ ವ್ಯಾಜ್ಯದಲ್ಲಿ, ನಗರಗಳಿಗೆ ಹೀಗೆ ವಲಯಗಳನ್ನು ವಿಂಗಡಿಸುವ ಅಧಿಕಾರವುಂಟೆಂದು ಅತ್ಯುನ್ನತ ನ್ಯಾಯಸ್ಥಾನವು ಒಪ್ಪಿಕೊಂಡಿತು. ಅಲ್ಲಿಂದಾಚೆಗೆ ಈ ಪದ್ಧತಿಯು ದೇಶದಲ್ಲೆಲ್ಲ ಹರಡಿತು. ಒಂದೊಂದು ನಿವೇಶನದಲ್ಲಿ ಒಂದೇ ಕುಟುಂಬದ ಮನೆ, ಸುತ್ತಲೂ ಹುಲ್ಲಿನ ಅಂಗಳ, ಅಂಗಡಿ ಮುಂಗಟ್ಟುಗಳ ಸುಳಿವಿಲ್ಲ ಎಂಬಂಥ ವಾಸದ ವಲಯಗಳು ಹೀಗೆಯೇ ಬೆಳೆದವು.

ಇಂಥ ವಲಯದ ಮನೆಯೊಳಗೆ ಶಿಶುಪಾಲನೆಯು ಯಾವ ಲೆಕ್ಕಕ್ಕೆ ಸೇರಬೇಕು? ಹಳೆಯ ಪಟ್ಟಿಗಳಲ್ಲಿ ಎಷ್ಟೋ ಕಡೆ ಇದಕ್ಕೆ ಹೆಸರೇ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಉಪಯೋಗವು ಸಲ್ಲದೆಂಬುದೇ ಸಾಮಾನ್ಯ ನ್ಯಾಯ. ಮನೆಯಲ್ಲಿಯೇ ಕುಳಿತು ಮಾಡುವ ಸಣ್ಣ ಕಸುಬುಗಳಿಗೆ, ಉದಾಹರಣೆಗೆ ಹೊಲಿಗೆ, ಸಂಗೀತಪಾಠ, ಲೆಕ್ಕಪತ್ರ ಬರೆಯುವುದು ಮುಂತಾದುವಕ್ಕೆ, ಅನೇಕ ನಗರಗಳು ಎಡೆ ಕೊಟ್ಟಿದ್ದುವು. ಆದರೆ ಅವುಗಳ ಷರತ್ತುಗಳನ್ನು ನೋಡಿರಿ. ಹೊರಗಿನ ಕೆಲಸದವರನ್ನು ಇಟ್ಟುಕೊಳ್ಳಕೂಡದು, ಕಸುಬು ಗೋಡೆಗಳ ಒಳಗೇ ನಡೆಯಬೇಕು, ಹೊರಗಿನವರ ಹೋಕುಬರವು ಹೆಚ್ಚಬಾರದು, ಸದ್ದು ಕೇಳಿಸಬಾರದು. ಮಕ್ಕಳಿದ್ದ ಮೇಲೆ ತಂದೆತಾಯಿಗಳು ಬೆಳಗ್ಗೆ ಸಂಜೆ ಬಂದುಹೋಗಲೇಬೇಕು, ಮಕ್ಕಳು ಅಂಗಳದಲ್ಲಿ ಆಡಲೇಬೇಕು, ಆಡಿದರೆ ಸದ್ದಾಗಲೇಬೇಕು. ಆದುದರಿಂದ ದರ್ಜಿಗೂ ಸಂಗೀತದ ಉಪಾಧ್ಯಾಯಿನಿಗೂ ತೆರೆದ ಬಾಗಿಲು ಶಿಶುಪಾಲಕಿಗೆ ಮುಚ್ಚಿಕೊಂಡಿತು. ಐದು ಮಕ್ಕಳ ತಾಯಿಯ ಮನೆಯಲ್ಲಿ ಐದು ಮಕ್ಕಳ ಕೂಗು ಕೇಳಿಬಂದರೆ ಅದು ಸಂಸಾರ; ಐದು ನೆರೆಮನೆಗಳ ಮಕ್ಕಳ ಕೂಗು ಕೇಳಿಬಂದರೆ ಅದು ವ್ಯಾಪಾರ ಎಂದಾಯಿತು.

ಹೀಗಿರುವಲ್ಲಿ ಆಕೆಯು ನಗರದ ಯೋಜನಾ ಕಚೇರಿಗೆ ಹೋಗಿ ಷರತ್ತಿನ ಪರವಾನಗಿಯನ್ನು ಬೇಡಬೇಕು. ಅದರ ಕ್ರಮವು ಸ್ಥೂಲವಾಗಿ ಹೀಗಿರುತ್ತದೆ. ತನ್ನ ಮನೆಯು ಯಾವ ವಲಯದಲ್ಲಿದೆ, ಆ ವಲಯದ ಪಟ್ಟಿಯಲ್ಲಿ ಶಿಶುಪಾಲನೆಯ ವಿಷಯವಾಗಿ ಏನು ಬರೆದಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅನಂತರ ಮನೆಯ ನಕ್ಷೆ, ಅಂಗಳದ ಅಳತೆ, ವಾಹನಗಳು ನಿಲ್ಲುವ ಸ್ಥಳ, ಮಕ್ಕಳ ಸಂಖ್ಯೆ, ಹೊತ್ತಿನ ವಿವರ ಇವುಗಳೊಂದಿಗೆ ಅರ್ಜಿಯನ್ನು ಬರೆದು ಶುಲ್ಕ ಸಲ್ಲಿಸಬೇಕು. ಕಚೇರಿಯವರು ಸುತ್ತಲಿನ ಮನೆಗಳವರಿಗೆ ತಿಳುವಳಿಕೆಯ ಪತ್ರವನ್ನು ಕಳುಹಿಸುತ್ತಾರೆ. ಗೊತ್ತಾದ ದಿನದಲ್ಲಿ ಬಹಿರಂಗ ವಿಚಾರಣೆ ನಡೆಯುತ್ತದೆ. ಅಲ್ಲಿ ನೆರೆಯವರು ಎದ್ದುನಿಂತು ಬೇಕೆನ್ನಬಹುದು, ಬೇಡವೆನ್ನಬಹುದು. ಆಮೇಲೆ ಮಂಡಳಿಯು ಪರವಾನಗಿಯನ್ನು ಕೊಡಬಹುದು, ಷರತ್ತುಗಳನ್ನು ಹಾಕಿ ಕೊಡಬಹುದು, ನಿರಾಕರಿಸಲೂಬಹುದು. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವುಂಟು. ಆದರೆ ಶುಲ್ಕವು ಹೋಯಿತು, ತಿಂಗಳುಗಳು ಕಳೆದುಹೋದುವು. ನಾಲ್ಕಾರು ಮಕ್ಕಳಿಂದ ಬರುವ ಅಲ್ಪ ವರಮಾನವನ್ನು ನೆಚ್ಚಿ ಹೊರಟವಳಿಗೆ ಇದು ಸಣ್ಣ ನಷ್ಟವಲ್ಲ.

ನೆರೆಯವರ ಮಾತುಗಳನ್ನು ಸುಮ್ಮನೆ ತಳ್ಳಿಹಾಕುವುದು ನ್ಯಾಯವಲ್ಲ. ರಾತ್ರಿ ಪಾಳಿಯಲ್ಲಿ ದುಡಿದು ಬಂದು ಹಗಲು ಮಲಗುವವನು ಸದ್ದಿಗೆ ಅಂಜುತ್ತಾನೆ. ಇಕ್ಕಟ್ಟಾದ ಬೀದಿಯಲ್ಲಿರುವವನು ತನ್ನ ಬಾಗಿಲಿಗೆ ಅಡ್ಡವಾಗಿ ವಾಹನ ನಿಂತೀತೆಂದು ಚಿಂತಿಸುತ್ತಾನೆ. ಇವು ಹುರುಳಿಲ್ಲದ ಮಾತುಗಳಲ್ಲ. ಆದರೆ ಇವಕ್ಕೆ ಪರಿಹಾರವೂ ಉಂಟು. ಎಲ್ಲ ಮಕ್ಕಳೂ ಒಂದೇ ಗಳಿಗೆಯಲ್ಲಿ ಬಾರದಂತೆ ಕಾಲು ಗಂಟೆಗೊಬ್ಬೊಬ್ಬರಂತೆ ಬರುವ ಏರ್ಪಾಡು ಮಾಡಬಹುದು. ಅಂಗಳದ ಆಟಕ್ಕೆ ಹೊತ್ತನ್ನು ಗೊತ್ತುಮಾಡಬಹುದು. ವಾಹನವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ತಂದೆತಾಯಿಗಳಿಗೆ ಬರಹದ ಮೂಲಕ ತಿಳಿಸಬಹುದು. ಅರ್ಜಿಯನ್ನು ಕಚೇರಿಗೆ ಒಯ್ಯುವುದಕ್ಕೆ ಮುಂಚೆಯೇ ಅಕ್ಕಪಕ್ಕದ ಬಾಗಿಲುಗಳನ್ನು ತಟ್ಟಿ, ತಾನು ಮಾಡಬೇಕೆಂದಿರುವುದನ್ನು ತಾನೇ ಹೇಳಿದವಳಿಗೆ ವಿಚಾರಣೆಯ ದಿನ ವಿರೋಧ ಕಡಿಮೆಯಾಗುವುದು ಸಹಜ. ಕಚೇರಿಯ ಕಾಗದದಿಂದ ಸುದ್ದಿ ತಿಳಿದ ನೆರೆಯವನಿಗೆ ಹುಟ್ಟುವ ಸಂಶಯವು, ಬಾಯಿಂದ ಕೇಳಿ ತಿಳಿದವನಿಗೆ ಹುಟ್ಟದು.

ಇಷ್ಟೆಲ್ಲ ತೊಡಕನ್ನು ಪಟ್ಟು ಮನೆಯಲ್ಲಿಯೇ ಏಕೆ ಶಿಶುಪಾಲನೆ ಮಾಡಬೇಕು, ಅಂಗಡಿಗಳ ವಲಯದಲ್ಲಿ ಒಂದು ಕಟ್ಟಡ ಹಿಡಿದು ಮಾಡಬಾರದೇ ಎಂದು ಕೆಲವರು ಕೇಳಬಹುದು. ದೊಡ್ಡ ಸಂಸ್ಥೆಗಳು ಹಾಗೆಯೇ ನಡೆಯುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಲಿಫೋರ್ನಿಯದ ರಿಚ್ಮಂಡ್ ಎಂಬ ರೇವುಪಟ್ಟಣದಲ್ಲಿ ಸಾವಿರಾರು ಸ್ತ್ರೀಯರು ಕೈಸರ್ ಕಂಪೆನಿಯ ಹಡಗು ಕಟ್ಟುವ ಕೆಲಸಕ್ಕೆ ಸೇರಿದಾಗ, ಅವರ ಮಕ್ಕಳಿಗಾಗಿ ೧೯೪೩ರಲ್ಲಿ ಅಲ್ಲಿ ಒಂದು ವಿಶಾಲವಾದ ಶಿಶುಪಾಲನಾ ಮಂದಿರವನ್ನು ತೆರೆದರು. ಯುದ್ಧವು ಮುಗಿದ ಬಳಿಕ ೧೯೪೬ರಲ್ಲಿ ಕೇಂದ್ರ ಸರಕಾರದ ಹಣವು ನಿಂತುಹೋಯಿತು. ಕ್ಯಾಲಿಫೋರ್ನಿಯವು ತನ್ನ ಮಂದಿರಗಳನ್ನು ಸಂಸ್ಥಾನದ ಹಣದಿಂದ ಮುಂದುವರಿಸಿತು. ಇಂಥ ಮಂದಿರಗಳು ಬೇಕೇ ಬೇಕು. ಆದರೆ ಕಟ್ಟಡದ ಬಾಡಿಗೆಯನ್ನೂ ಹಲವರ ಸಂಬಳವನ್ನೂ ಹೊರಲಾರದ ಒಬ್ಬ ಹೆಂಗಸು ಅಂಥದನ್ನು ಸ್ಥಾಪಿಸುವುದೆಂತು? ಹಾಲುಗೂಸಿಗೆ ದೊಡ್ಡ ಗುಂಪಿಗಿಂತ ಸಣ್ಣ ಮನೆಯೇ ಹಿತವೆಂದು ಎಣಿಸುವ ತಾಯಿಯರೂ ಉಂಟು. ನಸುಕಿನಲ್ಲಿ ಕೆಲಸಕ್ಕೆ ಹೊರಡುವವರಿಗೆ ತಮ್ಮ ಬೀದಿಯಲ್ಲಿಯೇ, ತಮ್ಮ ಭಾಷೆಯಲ್ಲಿಯೇ ಮಗುವನ್ನು ಮಾತನಾಡಿಸುವ ಮನೆ ಸಿಕ್ಕಿದರೆ ಅದಕ್ಕಿಂತ ದೊಡ್ಡ ಅನುಕೂಲವಿಲ್ಲ. ಮಗುವು ಮನೆಯಂಥ ಸ್ಥಳದಲ್ಲಿಯೇ ಬೆಳೆಯಲೆಂಬುದು ಇಲ್ಲಿಯ ತತ್ತ್ವ. ಮನೆಗಳಿಲ್ಲದ ವಲಯಕ್ಕೆ ಅದನ್ನು ಅಟ್ಟಿದರೆ ತತ್ತ್ವವೇ ಕೆಡುತ್ತದೆ.

ಕ್ಯಾಲಿಫೋರ್ನಿಯದ ಶಾಸನಸಭೆಯು ಈ ಮಾತನ್ನು ಮೆಲ್ಲಮೆಲ್ಲನೆ ಅಂಗೀಕರಿಸಿತು. ೧೯೮೦ರ ದಶಕದ ಆರಂಭದ ಕಾಯಿದೆಗಳಲ್ಲಿ ಅದು ಮನೆಯ ಶಿಶುಪಾಲನೆಯನ್ನು ಸಣ್ಣದು, ದೊಡ್ಡದು ಎಂದು ಎರಡಾಗಿ ವಿಂಗಡಿಸಿತು. ಸಣ್ಣದನ್ನು ಎಲ್ಲ ನಗರಗಳೂ ವಾಸದ ಮನೆಯೆಂದೇ ಎಣಿಸತಕ್ಕದ್ದು. ಅದಕ್ಕೆ ವಲಯದ ಪರವಾನಗಿಯನ್ನು ಕೇಳಕೂಡದು ಎಂದಾಯಿತು. ದೊಡ್ಡದಕ್ಕೆ ಮಾತ್ರ ಪರವಾನಗಿಯನ್ನು ಕೇಳುವ ಅಧಿಕಾರವನ್ನು ನಗರಗಳಿಗೆ ಉಳಿಸಿದರು. ಆದರೆ ಅದಕ್ಕೂ ಮೇರೆಗಳನ್ನು ಹಾಕಿದರು. ಅಂಥ ಮನೆಗಳ ನಡುವಣ ಅಂತರ, ವಾಹನಗಳ ಓಡಾಟ, ಅವುಗಳ ನಿಲುಗಡೆ, ಸದ್ದು ಇವುಗಳನ್ನು ಮಾತ್ರ ನಗರವು ನಿಯಮಿಸಬಹುದು. ಸುತ್ತಲೂ ೧೦೦ ಅಡಿಯೊಳಗಿನ ಮನೆಗಳವರಿಗೆ ತಿಳಿಸಬೇಕು. ಯಾರಾದರೂ ಕೇಳಿಕೊಂಡರೆ ಮಾತ್ರ ವಿಚಾರಣೆಯನ್ನು ನಡೆಯಿಸಬೇಕು.

ಈ ಮಧ್ಯಮ ಮಾರ್ಗವು ಸುಮಾರು ಮೂರೂವರೆ ದಶಕಗಳ ಕಾಲ ನಡೆಯಿತು. ಒಂದು ನಗರದಲ್ಲಿ ಸುಲಭವಾದದ್ದು ಪಕ್ಕದ ನಗರದಲ್ಲಿ ದುಬಾರಿಯಾಯಿತು. ಆರು ಮಕ್ಕಳ ಮನೆಯನ್ನು ಹನ್ನೆರಡು ಮಕ್ಕಳಿಗೆ ಹಿಗ್ಗಿಸಬೇಕೆಂದವರು ಶುಲ್ಕಕ್ಕೂ ವಿಚಾರಣೆಗೂ ಅಂಜಿ ಹಿಂದೆಗೆಯುವಂತಾಯಿತು. ಕಡೆಗೆ ೨೦೧೯ರಲ್ಲಿ ಸೆನೆಟರ್ ನ್ಯಾನ್ಸಿ ಸ್ಕಿನ್ನರ್ ಎಂಬವರು ತಂದ ೨೩೪ನೆಯ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಅವರು ಸಹಿ ಹಾಕಿದರು. ೨೦೨೦ರ ಜನವರಿ ೧ರಿಂದ ದೊಡ್ಡ ಗೃಹ ಶಿಶುಪಾಲನೆಯನ್ನು ಕೂಡ ವಾಸದ ಮನೆಯೆಂದೇ ಎಣಿಸತಕ್ಕದ್ದೆಂದು ವಿಧಿಯಾಯಿತು. ನಗರವು ಇದಕ್ಕಾಗಿ ವಲಯದ ಪರವಾನಗಿಯನ್ನು ಕೇಳುವಂತಿಲ್ಲ; ವ್ಯಾಪಾರದ ಲೈಸೆನ್ಸನ್ನಾಗಲಿ ಅದರ ಶುಲ್ಕವನ್ನಾಗಲಿ ವಿಧಿಸುವಂತಿಲ್ಲ. ಹಾಗೆಂದು ನೆರೆಯವರ ಕೈ ಬರಿದಾಗಲಿಲ್ಲ. ಮನೆಯ ಎತ್ತರ, ಬೀದಿಯಿಂದ ಬಿಡಬೇಕಾದ ಅಂತರ ಮೊದಲಾದ, ಎಲ್ಲ ಮನೆಗಳಿಗೂ ಸಮಾನವಾದ ನಿಯಮಗಳು ಇದಕ್ಕೂ ಅನ್ವಯಿಸುತ್ತವೆ. ನಿಜವಾಗಿ ಉಪದ್ರವವಾದರೆ ಬೇರೆ ಯಾವ ಮನೆಯ ಮೇಲೆ ದೂರು ಕೊಡಬಹುದೋ ಹಾಗೆಯೇ ಈ ಮನೆಯ ಮೇಲೂ ಕೊಡಬಹುದು.

ಇಲ್ಲಿಗೆ ನೆಲದ ಪ್ರಶ್ನೆಯು ಮುಗಿಯಿತು. ಮಗುವಿನ ಪ್ರಶ್ನೆಯು ಮುಗಿಯಲಿಲ್ಲ, ಮುಗಿಯಲೂ ಬಾರದು. ಆ ಸಂಸ್ಥಾನದಲ್ಲಿ ತನ್ನ ಮಕ್ಕಳಲ್ಲದೆ ಇನ್ನೊಂದೇ ಕುಟುಂಬದ ಮಕ್ಕಳನ್ನು ನೋಡಿಕೊಳ್ಳುವವಳಿಗೆ ಲೈಸೆನ್ಸು ಬೇಡ. ಎರಡನೆಯ ಕುಟುಂಬದ ಮಗುವು ಬಂದೊಡನೆ ಸಂಸ್ಥಾನದ ಸಮಾಜಸೇವಾ ಇಲಾಖೆಯ ಲೈಸೆನ್ಸು ಬೇಕು. ಇದನ್ನು ಕೊಡುವುದು ನಗರವಲ್ಲ, ಸಂಸ್ಥಾನ.

ಸಣ್ಣ ಮನೆಯಲ್ಲಿ ಎಷ್ಟು ಮಕ್ಕಳಿರಬಹುದೆಂಬ ಲೆಕ್ಕವನ್ನು ಗಮನವಿಟ್ಟು ನೋಡಬೇಕು. ಎರಡು ವರುಷ ತುಂಬದ ಕೂಸುಗಳು ಮಾತ್ರವಾದರೆ ೪. ದೊಡ್ಡ ಮಕ್ಕಳೂ ಸೇರಿದರೆ ಒಟ್ಟು ೬, ಅವರಲ್ಲಿ ಕೂಸುಗಳು ೩ಕ್ಕೆ ಮೀರಬಾರದು. ಒಂದು ಮಗು ಶಾಲೆಗೆ ಸೇರಿದ್ದು, ಮತ್ತೊಂದಕ್ಕೆ ೬ ವರುಷವಾದರೂ ಆಗಿದ್ದು, ಕೂಸುಗಳು ೨ಕ್ಕೆ ಮೀರದಿದ್ದರೆ ೮ರ ವರೆಗೆ ಹೋಗಬಹುದು. ದೊಡ್ಡ ಮನೆಯಲ್ಲಿ ಜೊತೆಗೆ ಒಬ್ಬ ಸಹಾಯಕಿಯಿದ್ದು ೧೨, ಹಿಂದೆ ಹೇಳಿದಂಥ ಷರತ್ತುಗಳು ಪೂರೈಸಿದರೆ ೧೪. ಆ ಮನೆಯಲ್ಲಿಯೇ ವಾಸಿಸುವ ಹತ್ತು ವರುಷದೊಳಗಿನ ಸ್ವಂತ ಮಕ್ಕಳೂ ಈ ಲೆಕ್ಕಕ್ಕೆ ಸೇರುತ್ತಾರೆಂಬುದನ್ನು ಮರೆಯಬಾರದು. ಬೆಂಕಿ ಬಿದ್ದಾಗ ಒಬ್ಬ ಹೆಂಗಸು ಎಷ್ಟು ಕೂಸುಗಳನ್ನು ಎತ್ತಿಕೊಂಡು ಹೊರಗೆ ಓಡಬಲ್ಲಳೆಂದು ಯೋಚಿಸಿದರೆ ಈ ಅಂಕೆಗಳ ಅರ್ಥವು ತಾನೇ ತಿಳಿಯುತ್ತದೆ.

ಇನ್ನು ಉಳಿದ ಕಟ್ಟುಪಾಡುಗಳು. ಮನೆಯಲ್ಲಿರುವ ವಯಸ್ಕರೆಲ್ಲರೂ ಬೆರಳಚ್ಚನ್ನು ಕೊಟ್ಟು, ತಮ್ಮ ಮೇಲೆ ಅಡ್ಡಿಯಾಗುವಂಥ ಅಪರಾಧಗಳಿಲ್ಲವೆಂದು ತೋರಿಸಬೇಕು. ಕ್ಷಯರೋಗವಿಲ್ಲವೆಂಬ ಪರೀಕ್ಷೆಯಾಗಬೇಕು. ಲೈಸೆನ್ಸನ್ನು ಬೇಡುವವಳು ಆರೋಗ್ಯರಕ್ಷಣೆ, ಮಕ್ಕಳ ಪ್ರಥಮ ಚಿಕಿತ್ಸೆ, ಉಸಿರು ನಿಂತ ಮಗುವಿಗೆ ಉಸಿರು ಕೊಡುವ ಕ್ರಮ ಇವುಗಳಲ್ಲಿ ೧೬ ಗಂಟೆಗಳ ಶಿಕ್ಷಣವನ್ನು ಪಡೆದಿರಬೇಕು. ಬೆಂಕಿ ಆರಿಸುವ ಸಾಧನವೂ ಹೊಗೆಯನ್ನು ತಿಳಿಸುವ ಗಂಟೆಯೂ ಇರಬೇಕು. ಈಜುಕೊಳವಿದ್ದರೆ ಅದಕ್ಕೆ ೫ ಅಡಿಗೆ ಕಡಿಮೆಯಿಲ್ಲದ ಬೇಲಿಯಾಗಲಿ ಗಟ್ಟಿಯಾದ ಮುಚ್ಚಿಗೆಯಾಗಲಿ ಬೇಕು. ಔಷಧ, ವಿಷಪದಾರ್ಥ, ಆಯುಧಗಳು ಮಕ್ಕಳ ಕೈಗೆ ಎಟುಕದಂತಿರಬೇಕು. ಮನೆಯಲ್ಲಿ ಧೂಮಪಾನ ಸಲ್ಲದು. ದೊಡ್ಡ ಮನೆಯನ್ನು ನಡೆಯಿಸುವವಳಿಗೆ ಹಿಂದಿನ ಅನುಭವ ಬೇಕು. ಅಗ್ನಿಶಾಮಕ ಇಲಾಖೆಯ ಒಪ್ಪಿಗೆಯೂ ಬೇಕು. ಇಲಾಖೆಯ ಪರೀಕ್ಷಕರು ಮುಂದಾಗಿ ತಿಳಿಸದೆಯೇ ಬಂದು ನೋಡುವ ಅಧಿಕಾರವುಳ್ಳವರು. ಅಪಘಾತಕ್ಕೆ ವಿಮೆಯನ್ನೋ ಜಾಮೀನನ್ನೋ ಇಟ್ಟಿರಬೇಕು. ಇಲ್ಲವಾದರೆ ವಿಮೆಯಿಲ್ಲವೆಂಬುದು ತಮಗೆ ತಿಳಿದಿದೆಯೆಂದು ತಂದೆತಾಯಿಗಳಿಂದ ಬರೆಯಿಸಿಕೊಂಡಿರಬೇಕು.

ಬಾಡಿಗೆಯ ಮನೆಯಲ್ಲಿರುವವರಿಗೂ ಈ ಕಾಯಿದೆಯು ಆಶ್ರಯ ಕೊಟ್ಟಿದೆ. ಶಿಶುಪಾಲನೆ ಮಾಡಬಾರದೆಂದು ಬಾಡಿಗೆಯ ಕರಾರಿನಲ್ಲಿ ಬರೆದರೂ ಕ್ಯಾಲಿಫೋರ್ನಿಯದಲ್ಲಿ ಅದು ಊರ್ಜಿತವಾಗದು. ಆದರೆ ಪ್ರಾರಂಭಿಸುವುದಕ್ಕೆ ೩೦ ದಿನಗಳ ಮುಂಚೆ ಮನೆಯ ಯಜಮಾನರಿಗೆ ಬರಹದ ತಿಳುವಳಿಕೆಯನ್ನು ಕೊಡಬೇಕು. ಸಣ್ಣ ಮನೆಯಲ್ಲಿ ೬ನ್ನು ಮೀರಿ, ದೊಡ್ಡದರಲ್ಲಿ ೧೨ನ್ನು ಮೀರಿ ಮಕ್ಕಳನ್ನು ಸೇರಿಸುವುದಾದರೆ ಅವರ ಒಪ್ಪಿಗೆಯನ್ನೂ ಪಡೆಯಬೇಕು. ಬೇರೆ ಸಂಸ್ಥಾನಗಳಲ್ಲಿ ಹೀಗೆಯೇ ಇರುವುದೆಂದು ಯಾರೂ ಭಾವಿಸಕೂಡದು. ನ್ಯೂಜರ್ಸಿಯಲ್ಲಿ ೫ ಮಕ್ಕಳನ್ನು ಮೀರದ ಗೃಹ ಶಿಶುಪಾಲನೆಯು ಎಲ್ಲ ವಾಸದ ವಲಯಗಳಲ್ಲಿಯೂ ಸಲ್ಲುತ್ತದೆ. ಟೆಕ್ಸಸ್ ಸಂಸ್ಥಾನದ ಹ್ಯೂಸ್ಟನ್ ಮಹಾನಗರದಲ್ಲಿ ವಲಯ ನಿಯಮವೇ ಇಲ್ಲ. ಆದರೂ ನಿವೇಶನಗಳ ಕ್ರಯಪತ್ರಗಳಲ್ಲಿಯೇ ವಾಸಕ್ಕಲ್ಲದೆ ಬೇರೆಯದಕ್ಕೆ ಬಳಸಕೂಡದೆಂದು ಬರೆದಿರುವುದುಂಟು. ಆ ಕರಾರುಗಳನ್ನು ನಗರವೇ ನಡೆಯಿಸಿಕೊಡುತ್ತದೆ. ಬೇರೆ ಎಷ್ಟೋ ಊರುಗಳಲ್ಲಿ ನಾವು ಮೇಲೆ ವಿವರಿಸಿದ ಅರ್ಜಿ, ತಿಳುವಳಿಕೆ, ವಿಚಾರಣೆಗಳ ಕ್ರಮವು ಈಗಲೂ ನಡೆಯುತ್ತಲೇ ಇದೆ. ಆದುದರಿಂದ ಮನೆಯನ್ನು ಕೊಳ್ಳುವ ಅಥವಾ ಬಾಡಿಗೆಗೆ ಹಿಡಿಯುವ ಮುನ್ನವೇ ಮೂರು ಕಾಗದಗಳನ್ನು ಓದಿಕೊಳ್ಳುವುದು ವಿಹಿತ: ನಗರದ ವಲಯದ ಪಟ್ಟಿ, ಸಂಸ್ಥಾನದ ಶಿಶುಪಾಲನಾ ಕಾಯಿದೆ, ಮನೆಯ ಕ್ರಯಪತ್ರ ಅಥವಾ ಬಾಡಿಗೆಯ ಕರಾರು.

ನಮ್ಮ ನಾಡಿನಿಂದ ಹೋದವರು ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಗಂಡನ ಉದ್ಯೋಗವನ್ನು ಅವಲಂಬಿಸಿದ ವೀಸಾದ ಮೇಲೆ ಹೋದ ಸ್ತ್ರೀಗೆ ಆ ದೇಶದಲ್ಲಿ ದುಡಿದು ಹಣ ಸಂಪಾದಿಸಲು ಅನೇಕ ವೇಳೆ ಬೇರೆಯೇ ಆದ ಅನುಮತಿ ಬೇಕಾಗುತ್ತದೆ. ಅದು ಎಲ್ಲರಿಗೂ ದೊರೆಯುವಂಥದಲ್ಲ. ಸ್ವಂತ ಮನೆಯೊಳಗೆ ಕುಳಿತು ಮಾಡುವ ಕೆಲಸವೂ ಆ ಕಾನೂನಿನ ದೃಷ್ಟಿಯಲ್ಲಿ ಉದ್ಯೋಗವೇ ಸರಿ. ನಗರವು ಬೇಡವೆನ್ನಲಿಲ್ಲ, ಸಂಸ್ಥಾನವು ಲೈಸೆನ್ಸು ಕೊಟ್ಟಿತು ಎಂಬ ಮಾತ್ರಕ್ಕೆ ಈ ಮೂರನೆಯ ಬಾಗಿಲು ತೆರೆಯುವುದಿಲ್ಲ. ಪರಿಚಯದವರು ಹೇಳಿದರೆಂದು ಪ್ರಾರಂಭಿಸಿ ವೀಸಾಕ್ಕೇ ಕುಂದು ತಂದುಕೊಳ್ಳುವುದಕ್ಕಿಂತ, ಬಲ್ಲವರಾದ ವಕೀಲರನ್ನು ಮೊದಲೇ ಕೇಳುವುದು ಲೇಸು.

ಈ ವೃತ್ತಾಂತದಿಂದ ನಾವು ಗ್ರಹಿಸತಕ್ಕದ್ದು ಏನು? ಅಪ್ಪಣೆಗಳು ಹೆಚ್ಚಿದಷ್ಟೂ ಮಕ್ಕಳಿಗೆ ಕ್ಷೇಮವೆಂದು ಮೇಲುನೋಟಕ್ಕೆ ತೋರುತ್ತದೆ. ವಿಚಾರಿಸಿ ನೋಡಿದರೆ ಹಾಗಲ್ಲ. ನೆಲದ ಅಪ್ಪಣೆಯನ್ನು ಕೊಡುವ ಮಂಡಳಿಯು ಮಗುವಿನ ಹಾಸಿಗೆಯನ್ನಾಗಲಿ ಅಡಿಗೆಯ ಮನೆಯನ್ನಾಗಲಿ ನೋಡುವುದಿಲ್ಲ. ಅದು ನೋಡುವುದು ಬೀದಿಯನ್ನು. ಆ ಅಪ್ಪಣೆಯು ದುರ್ಲಭವಾದಾಗ ಶಿಶುಪಾಲನೆಯೇನೂ ನಿಲ್ಲುವುದಿಲ್ಲ, ಏಕೆಂದರೆ ತಾಯಿಯರ ದುಡಿಮೆಯು ನಿಲ್ಲುವುದಿಲ್ಲ. ಅದು ಕದ ಮುಚ್ಚಿಕೊಂಡು, ಯಾವ ಪರೀಕ್ಷಕರ ಕಣ್ಣಿಗೂ ಬೀಳದೆ ನಡೆಯಲು ಕಲಿಯುತ್ತದೆ. ಬೀದಿಯ ಕಚೇರಿಗೆ ಅಂಜಿದವಳು ಮಗುವಿನ ಕಚೇರಿಗೂ ಹೋಗದೆ ಉಳಿಯುತ್ತಾಳೆ. ಆಗ ಬೆರಳಚ್ಚಿನ ಪರೀಕ್ಷೆಯಿಲ್ಲ, ೧೬ ಗಂಟೆಯ ಶಿಕ್ಷಣವಿಲ್ಲ, ಮಕ್ಕಳ ಸಂಖ್ಯೆಗೆ ಮಿತಿಯಿಲ್ಲ. ನಷ್ಟವು ಯಾರದೆಂದು ಹೇಳಬೇಕಾದುದಿಲ್ಲ.

ಬಿಗಿಯು ಎಲ್ಲಿರಬೇಕೋ ಅಲ್ಲಿರಲಿ, ಸಡಿಲವು ಎಲ್ಲಿರಬೇಕೋ ಅಲ್ಲಿರಲಿ ಎಂಬುದು ಕ್ಯಾಲಿಫೋರ್ನಿಯವು ಸುಮಾರು ನಾಲ್ವತ್ತು ವರುಷಗಳಲ್ಲಿ ಕಲಿತ ಪಾಠ. ಮನೆಯಲ್ಲಿ ಮಕ್ಕಳಿರುವುದಕ್ಕೆ ನಗರದ ಅಪ್ಪಣೆ ಬೇಡ. ಪರರ ಮಕ್ಕಳನ್ನು ಕಾಯುವವಳ ಯೋಗ್ಯತೆಗೆ ಮಾತ್ರ ಪರೀಕ್ಷೆ ಬೇಕು. ಅದು ಕಠಿಣವಾಗಿಯೇ ಇರಬೇಕು. ಈ ಕೆಲಸವನ್ನು ಕೈಕೊಳ್ಳುವ ನಮ್ಮ ಸೋದರಿಯರು ಆ ಪರೀಕ್ಷೆಯನ್ನು ಅಡ್ಡಿಯೆಂದು ತಿಳಿಯದೆ, ತಮ್ಮ ಕೆಲಸಕ್ಕೆ ಸಲ್ಲುವ ಗೌರವವೆಂದು ತಿಳಿಯಲಿ. ಮಕ್ಕಳನ್ನು ಆಡಿಸುವುದು ಯಾರಾದರೂ ಮಾಡಬಹುದಾದ ಕೆಲಸವೆಂದು ಎಣಿಸುವವರು ಅದಕ್ಕೆ ಪರೀಕ್ಷೆಯನ್ನು ಇಡುವುದಿಲ್ಲ. ಮಗುವನ್ನು ಒಪ್ಪಿಸಲು ಬರುವ ತಾಯಿಯರು ಕೂಡ ಮೊದಲು ಲೈಸೆನ್ಸಿನ ಕಾಗದವನ್ನು ಕೇಳಿ ನೋಡಲಿ. ಒಳ್ಳೆಯ ಪಾಲಕಿಯು ಅದನ್ನು ಕೇಳಿದವರ ಮೇಲೆ ಎಂದಿಗೂ ಕೋಪಿಸಿಕೊಳ್ಳಳು.